ಹಿತ್ತಲ ಕೋಳಿ ಸಾಕಾಣಿಕೆ: ಹಳೆಯ ಸಾಮಗ್ರಿಗಳಿಂದ ಕಡಿಮೆ ವೆಚ್ಚದ ಕೋಳಿ ಗೂಡು ನಿರ್ಮಾಣ

ಪೀಠಿಕೆ

ಗ್ರಾಮೀಣ ಪ್ರದೇಶದ ಸಣ್ಣ ಮತ್ತು ಅತಿ ಸಣ್ಣ ರೈತರು, ಭೂರಹಿತ ಕೃಷಿ ಕಾರ್ಮಿಕರು ಹಾಗೂ ಮಹಿಳೆಯರಿಗೆ ಹಿತ್ತಲ ಕೋಳಿ ಸಾಕಾಣಿಕೆಯು ಅಲ್ಪ ಬಂಡವಾಳದಲ್ಲಿ ಕೈಗೊಳ್ಳಬಹುದಾದ ಉಪಕಸುಬಾಗಿದೆ. ನಾಟಿ ಕೋಳಿಗಳಲ್ಲದೆ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಮತ್ತು ಸ್ವರ್ಣಧಾರ, ಹೈದರಾಬಾದಿನಲ್ಲಿ ಅಭಿವೃದ್ಧಿಪಡಿಸಿದ ವನರಾಜ ಮತ್ತು ಗ್ರಾಮಪ್ರಿಯ ತಳಿಗಳು ಹಿತ್ತಲ ಸಾಕಾಣಿಕೆಗೆ ಹೊಂದಿಕೊಳ್ಳುತ್ತವೆ. ಈ ಕೋಳಿಗಳು ಹಗಲಿನಲ್ಲಿ ಮನೆಯ ಸುತ್ತ ಮೇಯ್ದು, ಹುಳು ಹುಪ್ಪಟೆ, ಕಾಳು ಕಡ್ಡಿ ತಿಂದು ಆಹಾರದ ಬಹುಭಾಗವನ್ನು ತಾವೇ ಸಂಪಾದಿಸಿಕೊಳ್ಳುತ್ತವೆ. ಆದ್ದರಿಂದ ಸಾಕುವವರು ಕಡ್ಡಾಯವಾಗಿ ಒದಗಿಸಬೇಕಾದುದು ರಾತ್ರಿಯ ರಕ್ಷಣೆ.

ಆದರೆ ಬಹುತೇಕ ಮನೆಗಳಲ್ಲಿ ನಿರ್ಲಕ್ಷಿಸಲ್ಪಡುವುದೂ ಇದೇ ಆಗಿದೆ. ಮರಿಗಳನ್ನು ತಂದ ನಂತರ ಗೂಡಿನ ಯೋಚನೆ ಮಾಡುವುದು, ಅಲ್ಲಿಯವರೆಗೆ ಬುಟ್ಟಿ ಮುಚ್ಚಿ ಜಗಲಿಯ ಮೇಲಿಡುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಒಂದು ಮುಂಗುಸಿ ಅಥವಾ ಕಾಡುಬೆಕ್ಕು ಒಳನುಗ್ಗಿದರೆ ಒಂದೇ ಕೋಳಿಯನ್ನು ಒಯ್ದು ಸುಮ್ಮನಾಗುವುದಿಲ್ಲ. ಇಕ್ಕಟ್ಟಿನಲ್ಲಿ ಸಿಕ್ಕ ಎಲ್ಲವನ್ನೂ ಕಚ್ಚಿ ಕೊಂದು ಹಾಕುವುದುಂಟು. ಆರು ತಿಂಗಳು ಸಾಕಿ ಮೊಟ್ಟೆಗೆ ಬಂದ ಹತ್ತು ಹೇಂಟೆಗಳನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡ ಕುಟುಂಬವು ಮತ್ತೆ ಕೋಳಿ ಸಾಕಲು ಮುಂದಾಗುವುದು ಅಪರೂಪ. ಗೂಡಿಗೆ ಹಣವಿಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ. ಮನೆಯ ಹಿತ್ತಲು, ಗುಜರಿ ಅಂಗಡಿ ಹಾಗೂ ಕೆಡವಿದ ಹಳೆಯ ಕಟ್ಟಡಗಳಲ್ಲಿ ದೊರೆಯುವ ಸಾಮಗ್ರಿಗಳಿಂದಲೇ ಭದ್ರವಾದ ಗೂಡು ಕಟ್ಟುವ ವಿಧಾನವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಗೂಡಿನ ಅಳತೆ

ಹಗಲಿನಲ್ಲಿ ಹೊರಗೆ ಬಿಟ್ಟು ಮೇಯಿಸುವ ಕೋಳಿಗಳಿಗೆ ರಾತ್ರಿ ತಂಗಲು ತಲಾ 1ರಿಂದ 1.5 ಚದರ ಅಡಿ ಸ್ಥಳ ಸಾಕು. ಹಗಲಿನಲ್ಲಿಯೂ ಕೂಡಿ ಹಾಕಬೇಕಾದ ಸಂದರ್ಭದಲ್ಲಿ, ಉದಾಹರಣೆಗೆ ಅಕ್ಕಪಕ್ಕದಲ್ಲಿ ಕೈತೋಟಗಳಿರುವ ಕಡೆ, ತಲಾ 3ರಿಂದ 4 ಚದರ ಅಡಿ ಬೇಕಾಗುತ್ತದೆ. 10ರಿಂದ 12 ಕೋಳಿಗಳಿಗೆ 5 ಅಡಿ ಉದ್ದ, 3 ಅಡಿ ಅಗಲದ ಗೂಡು ಸೂಕ್ತವಾಗಿದ್ದು, ಮುಂದಿನ ವಿವರಣೆಯು ಇದೇ ಅಳತೆಯನ್ನು ಅನುಸರಿಸುತ್ತದೆ. ಅಗಲವನ್ನು 3 ಅಡಿಗಿಂತ ಹೆಚ್ಚಿಸಬಾರದು. ಹೊರಗೆ ನಿಂತು ಕೈ ಚಾಚಿದರೆ ಹಿಂಬದಿಯ ಮೂಲೆ ಎಟುಕದಿದ್ದಲ್ಲಿ ಆ ಮೂಲೆಯು ಎಂದಿಗೂ ಸ್ವಚ್ಛವಾಗುವುದಿಲ್ಲ.

ಗೂಡಿನ ನೆಲವು ಭೂಮಿಯಿಂದ 2 ಅಡಿ ಎತ್ತರದಲ್ಲಿರಬೇಕು. ಮುಂಭಾಗದ ಗೋಡೆ 4 ಅಡಿ, ಹಿಂಭಾಗದ ಗೋಡೆ 3 ಅಡಿ ಇದ್ದಲ್ಲಿ ತಗಡಿನ ಛಾವಣಿಗೆ ಬೇಕಾದ ಇಳಿಜಾರು ದೊರೆಯುತ್ತದೆ. ಕಂಬಗಳನ್ನು ಒಂದೂವರೆ ಅಡಿ ಹೂಳಬೇಕಾದುದರಿಂದ ಮುಂದಿನ ಎರಡು ಕಂಬಗಳು 7.5 ಅಡಿ, ಹಿಂದಿನ ಎರಡು ಕಂಬಗಳು 6.5 ಅಡಿ ಉದ್ದವಿರತಕ್ಕದ್ದು. ಮಂಗಳೂರು ಹೆಂಚು ಹೊದಿಸುವುದಾದರೆ ಈ ಇಳಿಜಾರು ಸಾಲದು. ಮುಂದಿನ ಕಂಬಗಳನ್ನು ಇನ್ನೂ ಅರ್ಧ ಅಡಿ ಎತ್ತರಿಸಬೇಕು, ಇಲ್ಲವಾದಲ್ಲಿ ಗಾಳಿ ಮಳೆಗೆ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ಸರಿದು ಒಳಗೆ ಸೋರುತ್ತದೆ.

ಸ್ಥಳದ ಆಯ್ಕೆ

ಮಳೆ ನೀರು ನಿಲ್ಲದ, ಮನೆಯವರ ಕಣ್ಣಿಗೆ ಕಾಣುವ, ರಾತ್ರಿ ಕೋಳಿಗಳು ಕೂಗಿದರೆ ಕೇಳಿಸುವ ಜಾಗವನ್ನು ಆರಿಸಿಕೊಳ್ಳಬೇಕು. ಬಯಲು ಸೀಮೆಯಲ್ಲಿ ಗೂಡಿನ ಉದ್ದವು ಪೂರ್ವ ಪಶ್ಚಿಮವಾಗಿದ್ದಲ್ಲಿ ಬಿಸಿಲು ನೇರವಾಗಿ ಒಳಗೆ ಬೀಳುವುದಿಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ದಿಕ್ಕಿಗಿಂತ ಮುಂಗಾರಿನ ಗಾಳಿಯೇ ಮುಖ್ಯ. ಅದು ಬೀಸುವ ನೈರುತ್ಯ ಮತ್ತು ಪಶ್ಚಿಮದ ಕಡೆಗೆ ಮುಚ್ಚಿದ ಗೋಡೆ ಬರುವಂತೆ ನೋಡಿಕೊಳ್ಳಬೇಕು. ಗೂಡಿನ ಛಾವಣಿಗೆ ತಾಗುವ ಮರದ ಕೊಂಬೆಗಳನ್ನು ಸವರಬೇಕು. ಪಟ್ಟಣ ಪ್ರದೇಶದವರು ಸ್ಥಳೀಯ ಸಂಸ್ಥೆಯ ನಿಯಮಗಳನ್ನು ಮುಂಚಿತವಾಗಿ ವಿಚಾರಿಸಿಕೊಳ್ಳುವುದು.

ಉಪಯೋಗಕ್ಕೆ ಬರುವ ಹಳೆಯ ಸಾಮಗ್ರಿಗಳು

ಯಾವ ಸಾಮಗ್ರಿ ದೊರೆಯುತ್ತದೆ ಎಂಬುದು ಆಯಾ ಸೀಮೆಯನ್ನು ಅವಲಂಬಿಸಿದೆ. ಒಂದು ಜಿಲ್ಲೆಯಲ್ಲಿ ಪುಕ್ಕಟೆಯಾಗಿ ಬಿದ್ದಿರುವ ವಸ್ತುವಿಗೆ ಮತ್ತೊಂದು ಜಿಲ್ಲೆಯಲ್ಲಿ ಸಾಗಾಣಿಕೆ ವೆಚ್ಚವೇ ಹೆಚ್ಚಾಗುತ್ತದೆ. ಆದ್ದರಿಂದ ಒಂದೇ ನಕ್ಷೆಯನ್ನು ಎಲ್ಲೆಡೆ ಅನುಸರಿಸುವ ಅಗತ್ಯವಿಲ್ಲ.

ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಬಿದ್ದ ಅಥವಾ ಕಡಿದ ಹಳೆಯ ಮರಗಳನ್ನು ಸೀಳಿ ತೆಗೆದ ದಬ್ಬೆಗಳು ಗೂಡಿನ ನೆಲಕ್ಕೆ ಅತ್ಯುತ್ತಮ. ಇವುಗಳನ್ನು ಅರ್ಧ ಅಂಗುಲ ಸಂದಿ ಬಿಟ್ಟು ಹೊಡೆದಲ್ಲಿ ಹಿಕ್ಕೆಯು ಕೆಳಗೆ ಬೀಳುತ್ತದೆ, ಗೂಡು ಒಣಗಿರುತ್ತದೆ. ಒಳಗಿನ ಮೆದು ತಿರುಳನ್ನು ಪೂರ್ತಿಯಾಗಿ ಕೆತ್ತಿ ತೆಗೆಯದಿದ್ದಲ್ಲಿ ಒಂದೆರಡು ಮಳೆಗಾಲದಲ್ಲಿಯೇ ಕುಂಬಾಗುತ್ತದೆ. ಹಳೆಯ ಮನೆ ಕೆಡವಿದಲ್ಲಿ ಹೆಂಚು, ರೀಪು, ಜಂತಿಗಳು ದೊರೆಯುತ್ತವೆ. ಈ ಗೂಡಿಗೆ ಸುಮಾರು 50ರಿಂದ 55 ಹೆಂಚುಗಳು ಬೇಕಾಗಿದ್ದು, ಅವುಗಳ ಭಾರವು ಒಂದು ಕ್ವಿಂಟಾಲ್ ಮೀರುವುದರಿಂದ ಕಂಬಗಳು ಗಟ್ಟಿಯಾಗಿರಬೇಕು. ಬಂದರುಗಳ ಸಮೀಪ ಮೀನುಗಾರರು ಬಿಸಾಡುವ ಹಳೆಯ ಬಲೆಯನ್ನು ಅಂಗಳದ ಮೇಲೆ ಕಟ್ಟಿದಲ್ಲಿ ಹದ್ದು, ಗಿಡುಗಗಳಿಂದ ಮರಿಗಳಿಗೆ ರಕ್ಷಣೆ ದೊರೆಯುತ್ತದೆ. ಆದರೆ ನೆಲಮಟ್ಟದಲ್ಲಿ ಈ ಬಲೆಯನ್ನು ಕಟ್ಟಬಾರದು; ಮುಂಗುಸಿ ಅದನ್ನು ಕಡಿಯುತ್ತದೆ, ಹಾವುಗಳು ಸಿಕ್ಕಿಕೊಳ್ಳುತ್ತವೆ.

ರಾಮನಗರ, ಚಿಕ್ಕಬಳ್ಳಾಪುರ, ಕೋಲಾರ ಮುಂತಾದ ರೇಷ್ಮೆ ಬೆಳೆಯುವ ಜಿಲ್ಲೆಗಳಲ್ಲಿ ಪ್ಲಾಸ್ಟಿಕ್ ಚಂದ್ರಿಕೆಗಳು ಬಂದ ಮೇಲೆ ಮೂಲೆಗೆ ಸೇರಿರುವ ಬಿದಿರಿನ ಚಂದ್ರಿಕೆಗಳು ಅನೇಕ ಮನೆಗಳಲ್ಲಿವೆ. ಸುಮಾರು 6 ಅಡಿ ಉದ್ದ, 4 ಅಡಿ ಅಗಲದ ಈ ತಟ್ಟಿಗಳು ಗೋಡೆಗೆ ಹೇಳಿ ಮಾಡಿಸಿದಂತಿವೆ. ಮೇಲೆ ಸುತ್ತಿದ ದಬ್ಬೆ ಪಟ್ಟಿಯನ್ನು ಬಿಚ್ಚಿ ತೆಗೆದು, ತಟ್ಟಿಯನ್ನಷ್ಟೇ ಬಳಸಬೇಕು. ಹುಳು ಮನೆಯಲ್ಲಿ ಫಾರ್ಮಲಿನ್ ಮುಂತಾದ ಸೋಂಕು ನಿವಾರಕಗಳನ್ನು ಸಿಂಪಡಿಸಿರುವುದರಿಂದ ತಟ್ಟಿಗಳನ್ನು ಚೆನ್ನಾಗಿ ತೊಳೆದು ಹಲವು ದಿನ ಬಿಸಿಲಿನಲ್ಲಿ ಒಣಗಿಸತಕ್ಕದ್ದು. ಹೆಗ್ಗಣಗಳು ಬಿದಿರನ್ನು ಕೊರೆಯುವುದರಿಂದ ಗೋಡೆಯ ಕೆಳಗಿನ ಒಂದೂವರೆ ಅಡಿಗೆ ತಗಡು ಹೊಡೆಯುವುದು ಅಗತ್ಯ. ಇದೇ ಭಾಗದಲ್ಲಿ ಬೇಲಿಗೆ ನೆಟ್ಟು ಮುರಿದ ಕಲ್ಲು ಕೂಚಗಳು ಕಂಬಕ್ಕೆ ಆಗುತ್ತವೆ. ಇವುಗಳಿಗೆ ಗೆದ್ದಲಿನ ಭಯವಿಲ್ಲ.

ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಭಾಗದಲ್ಲಿ ಕಲ್ಲು ಗಣಿಗಳ ಬಳಿ ದೊರೆಯುವ ಫರ್ಸಿ ಕಲ್ಲಿನ ತುಂಡುಗಳಿಂದ ನೆಲ ಹಾಗೂ ಮೂರು ಬದಿಯ ಗೋಡೆಗಳನ್ನು ನಿಲ್ಲಿಸಬಹುದು. ಅಲ್ಲಿನ ಬೇಸಿಗೆಯಲ್ಲಿ ತಗಡಿನ ಛಾವಣಿ ಮಾತ್ರ ಅಪಾಯಕಾರಿ. ತಗಡಿನ ಮೇಲೆ ಅರ್ಧ ಅಡಿ ದಪ್ಪಕ್ಕೆ ಜೋಳದ ದಂಟು ಅಥವಾ ತೊಗರಿ ಕಟ್ಟಿಗೆ ಹೊದಿಸಿ, ಮಧ್ಯಾಹ್ನ ನೀರು ಚಿಮುಕಿಸುವುದರಿಂದ ಒಳಗಿನ ಶಾಖ ಗಮನಾರ್ಹವಾಗಿ ತಗ್ಗುತ್ತದೆ.

ಇವಲ್ಲದೆ ಎಲ್ಲ ಕಡೆಯೂ ದೊರೆಯುವ ವಸ್ತುಗಳೆಂದರೆ ಹಳೆಯ ಬಾಗಿಲು, ಕಿಟಕಿ ಚೌಕಟ್ಟು, 15 ಕಿಲೋ ಎಣ್ಣೆ ಡಬ್ಬದ ತಗಡು, ಕೆಟ್ಟ ಫ್ರಿಜ್ಜಿನ ಕಂಬಿ ತಟ್ಟೆಗಳು ಹಾಗೂ ಕಟ್ಟಡ ಕೆಲಸದವರು ಬಿಸಾಡಿದ ಮರಳು ಜರಡಿ. ಮರಳು ಜರಡಿಯ ಬಲೆ ದಪ್ಪ ತಂತಿಯದಾಗಿದ್ದು ಕಣ್ಣು ಸಣ್ಣದಿರುವುದರಿಂದ ಗೂಡಿನ ಕಿಂಡಿಗೆ ಹೊಸ ಬಲೆಯಷ್ಟೇ ಉಪಯುಕ್ತ. ಕೈಗಾರಿಕಾ ಪ್ರದೇಶಗಳ ಸಮೀಪ ಮರದ ಪ್ಯಾಲೆಟ್‌ಗಳು ಅಗ್ಗವಾಗಿ ದೊರೆಯುತ್ತವೆ. ವಿದೇಶದಿಂದ ಸರಕು ಹೊತ್ತು ಬಂದ ಪ್ಯಾಲೆಟ್‌ಗಳ ಮೇಲೆ ಸುಟ್ಟು ಒತ್ತಿದ ಮುದ್ರೆ ಇರುತ್ತದೆ. ಇಂಗ್ಲಿಷಿನಲ್ಲಿ ಎಚ್.ಟಿ. ಎಂದಿದ್ದರೆ ಶಾಖದಿಂದ ಸಂಸ್ಕರಿಸಿದ ಮರವಾಗಿದ್ದು ಬಳಸಬಹುದು, ಎಂ.ಬಿ. ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಸಂಸ್ಕರಿಸಿದ್ದಾಗಿದ್ದು, ಕೊಳ್ಳಬಾರದು.

ಬಳಸಬಾರದ ಸಾಮಗ್ರಿಗಳು

ಪುಕ್ಕಟೆ ದೊರೆತುದೆಲ್ಲವೂ ಗೂಡಿಗೆ ಯೋಗ್ಯವಲ್ಲ. ಕೋಳಿಯು ಕಂಡುದನ್ನೆಲ್ಲ ಕುಕ್ಕುವ ಪಕ್ಷಿ. ಅದರ ಹೊಟ್ಟೆಗೆ ಹೋದುದು ಮೊಟ್ಟೆಯ ಮೂಲಕ ಮನೆಯ ಮಕ್ಕಳನ್ನು ತಲುಪುತ್ತದೆ ಎಂಬುದನ್ನು ಮರೆಯಬಾರದು.

ಹಳೆಯ ಬಾಗಿಲು ಕಿಟಕಿಗಳ ಬಣ್ಣದಲ್ಲಿ ಸೀಸ ಇರುವ ಸಂಭವ ಹೆಚ್ಚು. ಮನೆ ಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣಕ್ಕೆ ಮಿತಿ ವಿಧಿಸುವ ಕೇಂದ್ರದ ನಿಯಮಗಳು ಬಂದುದು 2016ರಲ್ಲಿ. ಅದಕ್ಕೂ ಹಿಂದಿನ, ಚಕ್ಕೆ ಏಳುತ್ತಿರುವ ಬಣ್ಣದ ಮರವನ್ನು ಗೂಡಿನ ಒಳಭಾಗಕ್ಕೆ ಬಳಸಲೇಬಾರದು. ಅದನ್ನು ಒಣದಾಗಿ ಉಜ್ಜಿ ಬಣ್ಣ ತೆಗೆಯುವುದೂ ಸುಟ್ಟು ತೆಗೆಯುವುದೂ ಮನೆಯವರಿಗೇ ಅಪಾಯಕರ. ಸೀಸವುಳ್ಳ ಚಕ್ಕೆಗಳನ್ನು ತಿಂದ ಕೋಳಿಗಳು ಹೊರನೋಟಕ್ಕೆ ಆರೋಗ್ಯವಾಗಿದ್ದರೂ ಅವುಗಳ ಮೊಟ್ಟೆಯಲ್ಲಿ ಸೀಸ ಸೇರಿರಬಹುದು.

ಕಲ್ನಾರಿನ ಶೀಟುಗಳನ್ನು ಕತ್ತರಿಸಿದಾಗ ಅಥವಾ ತೂತು ಕೊರೆದಾಗ ಏಳುವ ನಾರಿನ ಧೂಳು ಶ್ವಾಸಕೋಶಕ್ಕೆ ಹಾನಿಕರ. ಒಡೆದ ಶೀಟಿನ ತುಂಡುಗಳನ್ನು ತರಬಾರದು. ಡಾಂಬರು ಎಣ್ಣೆ ಕುಡಿಸಿದ ಹಳೆಯ ರೈಲ್ವೆ ಸ್ಲೀಪರುಗಳನ್ನೂ ಬಳಸಬಾರದು. ಕೀಟನಾಶಕ ತುಂಬಿದ್ದ ಡಬ್ಬ, ಕ್ಯಾನುಗಳನ್ನು ಎಷ್ಟು ಬಾರಿ ತೊಳೆದರೂ ಕೋಳಿಗಳಿಗೆ ನೀರು, ಆಹಾರ ಇಡಲು ಉಪಯೋಗಿಸಕೂಡದು.

ಕೋಳಿ ಅಂಗಡಿ ಮತ್ತು ಫಾರಂಗಳಿಂದ ಮಾರಾಟಕ್ಕೆ ಬರುವ ಹಳೆಯ ಪಂಜರ, ಮೊಟ್ಟೆ ಟ್ರೇಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಕೊಕ್ಕರೆ ರೋಗ ಹಾಗೂ ಕೋಳಿ ಜ್ವರದ ವೈರಾಣುಗಳು ಒಣಗಿದ ಹಿಕ್ಕೆಯೊಡನೆ ಹೀಗೆಯೇ ಊರಿಂದೂರಿಗೆ ಸಾಗುತ್ತವೆ. ಕರ್ನಾಟಕದಲ್ಲಿ 2012ರಲ್ಲಿ ಹೆಸರಘಟ್ಟದಲ್ಲಿ, 2020ರಲ್ಲಿ ಮೈಸೂರು ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಕೋಳಿ ಜ್ವರ ಕಾಣಿಸಿಕೊಂಡು ಕೋಳಿಗಳನ್ನು ಸಾಮೂಹಿಕವಾಗಿ ನಾಶಪಡಿಸಬೇಕಾಯಿತು. ರಟ್ಟಿನ ಟ್ರೇಗಳನ್ನು ಶುಚಿಗೊಳಿಸಲು ಸಾಧ್ಯವಿಲ್ಲವಾದ್ದರಿಂದ ಅವುಗಳನ್ನು ತರಲೇಬಾರದು.

ಇನ್ನು ಹಳೆಯ ಕೋಳಿ ಗೂಡಿನ ಮರ. ಇದರ ಬಿರುಕುಗಳಲ್ಲಿ ಹಗಲೆಲ್ಲ ಅಡಗಿದ್ದು ರಾತ್ರಿ ಹೊರಬಂದು ಕೋಳಿಗಳ ರಕ್ತ ಹೀರುವ ಉಣ್ಣೆಗಳಿರುತ್ತವೆ. ಇವು ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲವು. ಹಗಲಿನಲ್ಲಿ ಕೋಳಿಯ ಮೈ ನೋಡಿದರೆ ಇವು ಸಿಗುವುದಿಲ್ಲವಾದ್ದರಿಂದ ಕೋಳಿಗಳು ಏಕೆ ಸೊರಗುತ್ತಿವೆ ಎಂಬುದು ತಿಳಿಯುವುದೇ ಇಲ್ಲ. ಬೇರೆ ಮರ ದೊರೆಯದಿದ್ದಲ್ಲಿ ಪ್ರತಿ ಸಂದಿಗೂ ಉರಿ ತೋರಿಸಿ, ನಂತರ ಗಟ್ಟಿ ಸುಣ್ಣದ ತಿಳಿಯನ್ನು ಎರಡು ಬಾರಿ ಬಳಿದು ಬಿರುಕುಗಳನ್ನು ಮುಚ್ಚಬೇಕು.

ಹಣ ಕೊಟ್ಟು ಕೊಳ್ಳಬೇಕಾದವು

ಎಲ್ಲವನ್ನೂ ಗುಜರಿಯಲ್ಲಿಯೇ ಹುಡುಕುವುದು ಉಳಿತಾಯವಲ್ಲ. ಬೆಸುಗೆ ಹಾಕಿದ ಅರ್ಧ ಅಂಗುಲ ಕಣ್ಣಿನ ತಂತಿ ಬಲೆ, ಬಾಗಿಲಿನ ತಿರುಗಣೆ, ಎರಡು ಚಿಲಕ, ಮೊಳೆ, ಕಟ್ಟು ತಂತಿ ಮತ್ತು ಸುಣ್ಣ ಇವಿಷ್ಟಕ್ಕೆ ಹಣ ತೆಗೆದಿಡಬೇಕು. ಅಂಗಡಿಗಳಲ್ಲಿ ಕೋಳಿ ಜಾಲರಿ ಎಂದು ಮಾರುವ ಆರು ಮೂಲೆಯ ತೆಳು ತಂತಿಯ ಬಲೆಯು ಕೋಳಿಯನ್ನು ಒಳಗಿಡಬಲ್ಲದೇ ಹೊರತು ನಾಯಿ, ಮುಂಗುಸಿಗಳನ್ನು ಹೊರಗಿಡಲಾರದು. ಈ ಅಳತೆಯ ಗೂಡಿನ ಗೋಡೆಗಳಿಗೆ ಸುಮಾರು 16 ಚದರ ಅಡಿ ಗಟ್ಟಿ ಬಲೆ ಬೇಕಾಗುತ್ತದೆ. ಮರಳು ಜರಡಿ ದೊರೆತಲ್ಲಿ ಇನ್ನೂ ಕಡಿಮೆ.

ನಿರ್ಮಾಣ ವಿಧಾನ

ಮೊದಲಿಗೆ ಮರದ ಎಲ್ಲ ಹಳೆಯ ಮೊಳೆಗಳನ್ನು ಕಿತ್ತು ತೆಗೆಯಬೇಕು. ಕೆಲಸ ಮುಗಿದ ನಂತರ ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆದಾಡಿದಲ್ಲಿ ಬಿದ್ದ ಮೊಳೆ, ತಂತಿ ಚೂರುಗಳು ಅಂಟಿಕೊಂಡು ಬರುತ್ತವೆ. ಕೋಳಿಗಳು ಹೊಳೆಯುವ ಚೂರುಗಳನ್ನು ನುಂಗಿ ಸಾಯುವುದುಂಟು.

ಮರದ ಕಂಬವಾದಲ್ಲಿ ಹೂಳುವ ಭಾಗವನ್ನು ಬೆಂಕಿಯಲ್ಲಿ ಮೇಲ್ಪದರ ಕಪ್ಪಾಗುವಂತೆ ಸುಟ್ಟು, ಗುಂಡಿಯ ತಳದಲ್ಲಿ ಚಪ್ಪಟೆ ಕಲ್ಲಿಟ್ಟು ನಿಲ್ಲಿಸಬೇಕು. ಇದರಿಂದ ಗೆದ್ದಲು ಮತ್ತು ತೇವದ ಬಾಧೆ ತಡವಾಗುತ್ತದೆ. ನೆಲದಿಂದ ಒಂದು ಅಡಿ ಮೇಲೆ ಪ್ರತಿ ಕಂಬಕ್ಕೂ ಎಣ್ಣೆ ಡಬ್ಬದ ತಗಡನ್ನು ಕೊಡೆಯಂತೆ ಬಾಗಿಸಿ ಸುತ್ತಬೇಕು. ಕಣಜಗಳ ಕಾಲಿಗೆ ಹಿಂದಿನವರು ಮಾಡುತ್ತಿದ್ದ ಏರ್ಪಾಡು ಇದೇ. ಇದರಿಂದ ಇಲಿ, ಹೆಗ್ಗಣಗಳು ಕಂಬ ಹತ್ತುವುದು ಕಷ್ಟವಾಗುತ್ತದೆ. ಗೂಡಿಗೆ ಒರಗಿಸಿ ಕಟ್ಟಿಗೆ ಒಟ್ಟಿದಲ್ಲಿ ಈ ಶ್ರಮವೆಲ್ಲ ವ್ಯರ್ಥ.

ನಂತರ ನೆಲದ ಚೌಕಟ್ಟು ಕಟ್ಟಿ ದಬ್ಬೆ ಅಥವಾ ಹಲಗೆ ಹೊಡೆಯುವುದು. ಸಂದಿ ಬಿಟ್ಟ ನೆಲವಾದಲ್ಲಿ ಕೆಳಗೆ ಬಲೆ ಹೊಡೆಯುವುದು ಲೇಸು. ಮಲಗಿದ ಮರಿಗಳ ಕಾಲನ್ನು ಕೆಳಗಿನಿಂದ ಎಳೆಯುವ ಪ್ರಾಣಿಗಳುಂಟು. ಫರ್ಸಿ ಕಲ್ಲು ಅಥವಾ ಹಲಗೆಯ ಇಡಿ ನೆಲದ ಮೇಲೆ 2ರಿಂದ 3 ಅಂಗುಲ ಭತ್ತದ ಹೊಟ್ಟು ಅಥವಾ ಮರದ ಹೊಟ್ಟನ್ನು ಹಾಸಬೇಕು.

ಗೋಡೆಗಳನ್ನು ನೆಲದಿಂದ ಎರಡೂವರೆ ಅಡಿಯವರೆಗೆ ಪೂರ್ತಿ ಮುಚ್ಚಿ, ಅದರ ಮೇಲಿನ ಭಾಗಕ್ಕೆ ಬಲೆ ಹಾಕತಕ್ಕದ್ದು. ಗಾಳಿಯು ಕೋಳಿಗಳ ತಲೆಯ ಮೇಲಿಂದ ಹಾದುಹೋಗಬೇಕು, ಮೈಗೆ ನೇರ ಬೀಸಬಾರದು. ಚಳಿಗೆ ಹೆದರಿ ಗೂಡನ್ನು ಪೂರ್ತಿಯಾಗಿ ಮುಚ್ಚುವುದು ತಪ್ಪು ಕ್ರಮ. ಹಿಕ್ಕೆಯಿಂದೇಳುವ ಅಮೋನಿಯ ಅನಿಲವು ಒಳಗೆ ಉಳಿದು ಕಣ್ಣು, ಶ್ವಾಸಕೋಶದ ತೊಂದರೆ ಉಂಟಾಗುತ್ತದೆ. ಬೆಳಿಗ್ಗೆ ಬಾಗಿಲು ತೆರೆದಾಗ ಕಣ್ಣು ಉರಿಯುವಂತಿದ್ದರೆ ಕಿಂಡಿ ಸಾಲದು ಎಂದರ್ಥ. ಮಳೆಗಾಲದ ಇರಚಲಿಗೆ ಗೋಣಿತಾಟಿನ ಪರದೆ ಸಾಕು.

ಬಲೆಯನ್ನು ಚೌಕಟ್ಟಿನ ಹೊರಬದಿಯಿಂದ ಹೊಡೆದು, ಅಂಚಿನ ಮೇಲೆ ರೀಪು ಪಟ್ಟಿ ಕೂರಿಸಿ ಮತ್ತೆ ಮೊಳೆ ಹೊಡೆಯಬೇಕು. ಒಳಗಿನಿಂದ ಹೊಡೆದ ಬಲೆಯು ಹೊರಗಿನ ಪ್ರಾಣಿ ತಳ್ಳಿದಾಗ ಸುಲಭವಾಗಿ ಕಳಚಿಕೊಳ್ಳುತ್ತದೆ. ತಲೆ ತೂರುವಷ್ಟು ಸಂದಿಯಿದ್ದರೆ ಮುಂಗುಸಿಯ ಮೈಯೂ ತೂರುತ್ತದೆ. ಛಾವಣಿ ಮತ್ತು ಗೋಡೆ ಸೇರುವೆಡೆಯಲ್ಲಿ ತಗಡಿನ ಅಲೆಗಳ ಕೆಳಗೆ ಉಳಿಯುವ ತೂತುಗಳನ್ನು ಬಹಳಷ್ಟು ಜನ ಗಮನಿಸುವುದಿಲ್ಲ. ಅವುಗಳನ್ನು ಬಲೆಯ ತುಂಡುಗಳಿಂದ ಮುಚ್ಚಬೇಕು.

ಛಾವಣಿಗೆ 3 ಅಡಿಗಿಂತ ತುಸು ಹೆಚ್ಚು ಅಗಲ, 6 ಅಡಿ ಉದ್ದದ ಎರಡು ತಗಡುಗಳು ಸಾಲುತ್ತವೆ. ಹಿಂದೆ ಮುಂದೆ ಒಂದು ಅಡಿಗಿಂತ ಹೆಚ್ಚು ಚಾಚು ದೊರೆಯುತ್ತದೆ. ಹಳೆಯ ತಗಡಿನ ಮೊಳೆ ತೂತುಗಳನ್ನು ಸೈಕಲ್ ಟ್ಯೂಬಿನ ಬಿಲ್ಲೆಯಿಟ್ಟು ಮುಚ್ಚಬಹುದು.

ಒಳಗಿನ ಏರ್ಪಾಡು

ಕೋಳಿಗಳು ಎತ್ತರದಲ್ಲಿ ಕುಳಿತು ನಿದ್ರಿಸುವ ಸ್ವಭಾವದವು. ಗೂಡಿನ ಉದ್ದಕ್ಕೆ, ಹಿಂಗೋಡೆಯಿಂದ ಒಂದು ಅಡಿಗೆ ಒಂದು, ಅದರಿಂದ ಒಂದು ಅಡಿಗೆ ಮತ್ತೊಂದು ಗಳು ಕೂರಿಸಬೇಕು. ಎರಡು ಅಂಗುಲ ದಪ್ಪದ, ಅಂಚು ಉರುಟಾದ ಹಳೆಯ ರೀಪು ಅಥವಾ ಕೊಂಬೆ ಸೂಕ್ತ. ಕಬ್ಬಿಣದ ಕೊಳವೆ ಜಾರುತ್ತದೆ. ಒಂದು ಕೋಳಿಗೆ 8 ಅಂಗುಲದಂತೆ 12 ಕೋಳಿಗಳಿಗೆ 8 ಅಡಿ ಬೇಕಾಗಿದ್ದು, ಎರಡು ಗಳುಗಳಿಂದ 10 ಅಡಿ ದೊರೆಯುತ್ತದೆ. ನಾಟಿ ಕೋಳಿಗೆ ಒಂದೂವರೆ ಅಡಿ ಎತ್ತರವಿರಲಿ. ಗಿರಿರಾಜದಂತಹ ಭಾರದ ಕೋಳಿಗಳಿಗೆ ಒಂದು ಅಡಿ ಮೀರದಿರಲಿ, ಏಕೆಂದರೆ ಮೇಲಿನಿಂದ ಜಿಗಿದಾಗ ಪಾದಕ್ಕೆ ಪೆಟ್ಟಾಗಿ ಬಾವು ಬರುತ್ತದೆ.

ಮೊಟ್ಟೆ ಇಡಲು 4ರಿಂದ 5 ಹೇಂಟೆಗಳಿಗೆ ಒಂದರಂತೆ, ಒಂದು ಅಡಿ ಉದ್ದ, ಅಗಲ, ಎತ್ತರದ ಪೆಟ್ಟಿಗೆ ಬೇಕು. ಹಣ್ಣಿನ ಪೆಟ್ಟಿಗೆ, ಅಂಚು ಮಡಚಿದ ಎಣ್ಣೆ ಡಬ್ಬ, ಹಳೆಯ ಬಿದಿರು ಬುಟ್ಟಿ ಯಾವುದಾದರೂ ಆದೀತು. ಇವು ಗಳುಗಳಿಗಿಂತ ಕೆಳಗೆ, ಮಬ್ಬುಗತ್ತಲೆಯ ಮೂಲೆಯಲ್ಲಿರಬೇಕು. ಗಳುವಿಗಿಂತ ಎತ್ತರದಲ್ಲಿಟ್ಟರೆ ಕೋಳಿಗಳು ಅದರಲ್ಲಿಯೇ ಮಲಗಿ ಹೊಲಸು ಮಾಡುತ್ತವೆ.

ಬಾಗಿಲು 2 ಅಡಿ ಚೌಕವಾಗಿದ್ದು ಎರಡು ಚಿಲಕ ಹೊಂದಿರತಕ್ಕದ್ದು. ಹತ್ತಲು ಅಡ್ಡಪಟ್ಟಿ ಹೊಡೆದ ಹಲಗೆಯನ್ನು ಒರಗಿಸಿ, ರಾತ್ರಿ ತೆಗೆದಿಡಬೇಕು. ಕೋಳಿಗಳು ಮುಸ್ಸಂಜೆಗೆ ತಾವಾಗಿಯೇ ಗೂಡು ಸೇರುತ್ತವೆ. ಬಾಗಿಲು ಹಾಕುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೆ ಗೊತ್ತುಪಡಿಸದೆ ಹೋದರೆ ಮದುವೆ, ಜಾತ್ರೆಯ ದಿನಗಳಲ್ಲಿ ಅದು ಮರೆತುಹೋಗುತ್ತದೆ. ಎಷ್ಟೋ ಗೂಡುಗಳಲ್ಲಿ ನಷ್ಟವಾಗಿರುವುದು ಗೋಡೆ ಮುರಿದು ಅಲ್ಲ, ಬಾಗಿಲು ತೆರೆದಿದ್ದು.

ಸ್ವಚ್ಛತೆ ಮತ್ತು ಲಸಿಕೆ

ಕೆಳಗೆ ಬಿದ್ದ ಹಿಕ್ಕೆಯನ್ನು ವಾರಕ್ಕೊಮ್ಮೆ ತೆಗೆದು ತಿಪ್ಪೆಗೆ ಸೇರಿಸುವುದು. ಹಸಿ ಹಿಕ್ಕೆಯನ್ನು ನೇರವಾಗಿ ಗಿಡಗಳ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಮಳೆಗಾಲದ ಮೊದಲು ಮತ್ತು ನಂತರ ಗೂಡನ್ನು ಖಾಲಿ ಮಾಡಿ ಸುಣ್ಣ ಬಳಿಯುವುದು ಉತ್ತಮ. ಒದ್ದೆಯಾದ ಹಾಸನ್ನು ಅದೇ ದಿನ ಬದಲಿಸಬೇಕು.

ಗೂಡು ಎಷ್ಟೇ ಭದ್ರವಾಗಿದ್ದರೂ ಕೊಕ್ಕರೆ ರೋಗವನ್ನು ತಡೆಯಲಾರದು. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣು ಅಥವಾ ಮೂಗಿನ ಹನಿ ಲಸಿಕೆ, 8ನೇ ವಾರದ ವೇಳೆಗೆ ಆರ್2ಬಿ ಲಸಿಕೆಯನ್ನು ಹಾಕಿಸತಕ್ಕದ್ದು. ಕೋಳಿ ಸಿಡುಬಿನ ಲಸಿಕೆಯ ಬಗ್ಗೆ ಪಶುವೈದ್ಯರ ಸಲಹೆ ಪಡೆಯುವುದು. ಒಮ್ಮೆಲೇ ಹಲವು ಕೋಳಿಗಳು ಸತ್ತಲ್ಲಿ ಅವುಗಳನ್ನು ಕೆರೆ, ಚರಂಡಿಗೆ ಎಸೆಯದೆ, ಮಾರಾಟವನ್ನೂ ಮಾಡದೆ, ಕೂಡಲೇ ಸಮೀಪದ ಪಶು ಆಸ್ಪತ್ರೆಗೆ ತಿಳಿಸಬೇಕು.

ಕೋಳಿ ಮರಿಗಳಿಗಾಗಿ ಅರ್ಜಿ ಸಲ್ಲಿಸುವವರಿಗೆ ಸೂಚನೆ

ಹಿತ್ತಲ ಕೋಳಿ ಸಾಕಾಣಿಕೆಯ ಯೋಜನೆಗಳು, ಫಲಾನುಭವಿಗಳ ಆಯ್ಕೆ ಹಾಗೂ ಸಹಾಯಧನದ ಪ್ರಮಾಣವು ಆಯಾ ಆರ್ಥಿಕ ವರ್ಷದ ಮಾರ್ಗಸೂಚಿ ಮತ್ತು ಅನುದಾನಕ್ಕೆ ಒಳಪಟ್ಟಿರುತ್ತದೆ. ಆಸಕ್ತರು ತಾಲ್ಲೂಕಿನ ಪಶುಪಾಲನೆ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬಹುದು. ಅರ್ಜಿಯೊಡನೆ ಸಾಮಾನ್ಯವಾಗಿ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್ ಪುಸ್ತಕದ ಪ್ರತಿ, ಭಾವಚಿತ್ರ, ಅನ್ವಯಿಸುವವರಿಗೆ ಜಾತಿ ಪ್ರಮಾಣ ಪತ್ರ ಬೇಕಾಗುತ್ತವೆ.

ಅರ್ಜಿ ಸಲ್ಲಿಸಿದ ದಿನದಿಂದಲೇ ಗೂಡಿನ ಸಾಮಗ್ರಿ ಸಂಗ್ರಹಿಸಲು ತೊಡಗುವುದು ಒಳ್ಳೆಯದು. ಹಳೆಯ ಸಾಮಗ್ರಿ ಬೇಕೆಂದಾಗ ಒಂದೇ ದಿನದಲ್ಲಿ ದೊರೆಯುವುದಿಲ್ಲ. ಮರಿ ವಿತರಣೆಯ ಸೂಚನೆ ಬರುವ ವೇಳೆಗೆ ಗೂಡು ಪೂರ್ಣಗೊಂಡು, ಸುಣ್ಣದ ವಾಸನೆ ಆರಿ, ಕನಿಷ್ಠ ಒಂದು ರಾತ್ರಿಯಾದರೂ ಟಾರ್ಚನ್ನು ಒಳಗಿಟ್ಟು ಹೊರಗಿನಿಂದ ಬೆಳಕು ಕಾಣುವ ಸಂದಿಗಳನ್ನು ಗುರುತಿಸಿ ಮುಚ್ಚಿರಬೇಕು.

ಜಾನುವಾರು ಹಾಗೂ ಕೋಳಿಗಳ ಆರೋಗ್ಯಕ್ಕೆ ಸಂಬಂಧಿಸಿದಂತೆ ಸಮೀಪದ ಪಶು ಆಸ್ಪತ್ರೆ, ಪಶು ಚಿಕಿತ್ಸಾಲಯ ಅಥವಾ ಪ್ರಾಥಮಿಕ ಪಶು ಚಿಕಿತ್ಸಾ ಕೇಂದ್ರವನ್ನು, ಸಂಚಾರಿ ಪಶು ಚಿಕಿತ್ಸಾ ಸೇವೆಗಾಗಿ 1962 ದೂರವಾಣಿ ಸಂಖ್ಯೆಯನ್ನು ಸಂಪರ್ಕಿಸುವುದು.